ನಮ್ ತಟ್ಟೆ ಒಳಗ್ ಬಂತು

"ಅಂತೂ ನಮ್ ತಟ್ಟೆ ಒಳಗ್ ಬಂತು ನೋಡಿ ಅಮ್ಮೋರೆ."

ಭಾನುವಾರದಿಂದ ಈ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ಮೂಡಿಗೆರೆಯಿಂದ ಹಾಸನಕ್ಕೆ ಬರುವ ಬಸ್ಸಿನಲ್ಲೂ ಅದೇ, ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿದಾಗಲೂ ಅದೇ. ಹೇಳಿದವರು ನಗುತ್ತಲೇ ಹೇಳಿದರು. ನಾನೂ ನಕ್ಕೆ. ಆಮೇಲೆ ಆ ನಗು ಎಂಥದ್ದು ಅಂತ ಯೋಚಿಸುತ್ತಾ ಕೂತಿದ್ದೇನೆ.

ಮೂಡಿಗೆರೆ ಕಡೆಯ ನಮ್ಮ ತೋಟದ ಮನೆ ಈಗ ಹೋಮ್‌ಸ್ಟೇ. ಆ ಕಡೆ ಯಾರ ಮನೆ ಅಲ್ಲ ಹೇಳಿ? 2001ರ ಸುಮಾರಿಗೆ ಕಾಫಿ ರೇಟು ನೆಲ ಕಚ್ಚಿತಲ್ಲ, ಆಗ ಎಷ್ಟೋ ಮನೆಗಳು ಹಿಡಿದ ದಾರಿ ಅದು. ಈಗ ರೇಟು ಏರಿದೆ, ಆದರೂ ಬೋರ್ಡು ಇಳಿಸಿದವರನ್ನು ನಾನು ನೋಡಿಲ್ಲ. ಅಣ್ಣ ತೋಟ ನೋಡಿಕೊಳ್ಳುತ್ತಾನೆ, ಅತ್ತಿಗೆ ಅತಿಥಿಗಳನ್ನು. ಅತ್ತಿಗೆಗೆ ಕಣ್ಣಿದೆ, ಅದನ್ನು ಒಪ್ಪಲೇಬೇಕು. ಹಳೆ ಒರಳುಕಲ್ಲಿನಲ್ಲಿ ನೀರು ತುಂಬಿ ಹೂ ತೇಲಿಬಿಡುವುದು, ದನದ ಗಂಟೆಯನ್ನು ಬಾಗಿಲಿಗೆ ಕಟ್ಟುವುದು, ಎಲ್ಲ ಅವರದೇ ಐಡಿಯಾ. ಈ ಸಲ ಊಟದ ತಟ್ಟೆ ಬದಲಾಗಿದ್ದವು. ಬಿಳಿ ಗಾಜಿನ ಸೆಟ್ ಹೋಗಿ ಎನಾಮಲ್ ತಟ್ಟೆ ಬಂದಿವೆ. ಬಿಳಿ ತಟ್ಟೆ, ನೀಲಿ ಅಂಚು. ಸ್ವಲ್ಪ ಆನ್‌ಲೈನಲ್ಲಿ ತರಿಸಿದ್ದು, ಉಳಿದದ್ದು ನಮ್ಮ ಅಟ್ಟದಿಂದ ಇಳಿಸಿದ್ದು.

ಬೆಂಗಳೂರಿನಿಂದ ಬಂದಿದ್ದ ಹುಡುಗಿಯೊಬ್ಬಳು ಅಕ್ಕಿ ರೊಟ್ಟಿ, ಕಳಲೆ ಪಲ್ಯ ಆರಿ ಹೋಗುವವರೆಗೂ ಫೋಟೋ ತೆಗೆದಳು. "ವಿಂಟೇಜಾ ಆಂಟಿ?" ಅಂತ ಕೇಳಿದಳು. "ಹೂಂ, ನಮ್ಮ ಅಜ್ಜಿ ಕಾಲದ್ದು" ಅಂದರು ಅತ್ತಿಗೆ. ಸುಳ್ಳೇನಲ್ಲ. ಅಜ್ಜಿಯ ಕಾಲದ್ದೇ. ಅಜ್ಜಿಯದ್ದು ಮಾತ್ರ ಅಲ್ಲ.

ಅದೇ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಇನ್ನೊಂದು ತಟ್ಟೆ ಹಿಡಿದು ನಿಂತಿದ್ದವರು ಆಕೆ. ತೋಟದ ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ನಮ್ಮ ಲೈನ್ ಮನೆಯಲ್ಲಿ ಬೆಳೆದವರು, ನಲವತ್ತು ವರ್ಷ ಕಾಫಿ ಕೊಯ್ದವರು. ಈಗ ಮಂಡಿ ನೋವು, ಹಾಗಾಗಿ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾರೆ. ಚಿಕ್ಕವಳಿದ್ದಾಗ ನಾನು ಆಕೆಯನ್ನು ಹೆಸರು ಹಿಡಿದೇ ಕೂಗುತ್ತಿದ್ದೆ. ವಯಸ್ಸಿನಲ್ಲಿ ಅಮ್ಮನಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು ಅಷ್ಟೇ. ಈಗ ಹಾಗೆ ಕರೆಯಲು ಬಾಯಿ ಬರುವುದಿಲ್ಲ, ಬೇರೆ ಕರೆಯುವುದು ಅಭ್ಯಾಸವಿಲ್ಲ. ಆಕೆ ತಟ್ಟೆಯನ್ನು ಮಗುಚಿದರು. ತಳದಲ್ಲಿ ಚಕ್ಕೆ ಎದ್ದ ಜಾಗಕ್ಕೆ ಹೆಬ್ಬೆರಳು ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿ ಆ ಮಾತು ಹೇಳಿದರು. ಹೇಳಿ ರೊಟ್ಟಿ ಹಾಕಿಕೊಂಡು ಹೋದರು.

ನಮ್ಮ ಮನೆಯಲ್ಲಿ ತಟ್ಟೆಗಳಿಗೆ ಜಾಗ ಇತ್ತು. ಅಜ್ಜನದ್ದು ಕಂಚಿನ ತಟ್ಟೆ. ಒಳ್ಳೆಯ ಕಂಚಿನಲ್ಲಿ ನೂರಕ್ಕೆ 78ರಷ್ಟು ತಾಮ್ರ, 22ರಷ್ಟು ತವರ ಇರುತ್ತದೆ. ತವರ ಅಷ್ಟು ಇರುವುದರಿಂದಲೇ ಬಾರಿಸಿದರೆ ನಾದ ಬರುವುದು, ಕೈಜಾರಿ ಬಿದ್ದರೆ ಬಿರುಕು ಬಿಡುವುದೂ. ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ ಅಜ್ಜಿ ಅದನ್ನು ಗೋಡೆಗೆ ಒರಗಿಸಿದರೆ ಅಡುಗೆಮನೆಗೇ ಬೆಳಕು. ಅಜ್ಜ ಊಟ ಮುಗಿಸಿ ಬೆರಳಲ್ಲಿ ಅಂಚಿಗೆ ಒಂದು ಏಟು ಹಾಕುತ್ತಿದ್ದರು. ಆ ಸದ್ದು ಬಂದರೆ ಹೆಂಗಸರು ಊಟಕ್ಕೆ ಕೂರಬಹುದು ಅಂತ ಅರ್ಥ. ಅದು ನನಗೆ ಆಗ ಚೆಂದದ ಸದ್ದು ಅಷ್ಟೇ ಆಗಿತ್ತು. ಹಸಿದು ಕಾಯುತ್ತಿದ್ದ ಅಜ್ಜಿಗೆ ಹೇಗೆ ಕೇಳುತ್ತಿತ್ತೋ.

ನಮಗೆಲ್ಲ ಸ್ಟೀಲ್. ಚಿಕ್ಕಮಗಳೂರಿನ ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸಿದ್ದು. ಆ ಪುಟ್ಟ ಮೆಷಿನ್ನು ಟರ್‍ರ್ ಅಂತ ಚುಕ್ಕಿ ಚುಕ್ಕಿಯಾಗಿ ಅಕ್ಷರ ಬರೆಯುವುದನ್ನು ನೋಡಲು ನಾನು ಹಟ ಮಾಡಿ ಹೋಗುತ್ತಿದ್ದೆ. ಮದುವೆಯಾಗಿ ಹೋದ ಸೋದರತ್ತೆಯ ಹೆಸರಿದ್ದ ತಟ್ಟೆ ನನ್ನ ಪಾಲಿಗೆ ಬಂತು. ಅತ್ತೆ ಹಬ್ಬಕ್ಕೆ ಬಂದಾಗೆಲ್ಲ "ನನ್ ತಟ್ಟೆ ಕೊಡೇ" ಅಂತ ಕಿತ್ತುಕೊಳ್ಳುತ್ತಿದ್ದರು. ತಮಾಷೆಗೇ. ಆದರೂ ಪೂರ್ತಿ ತಮಾಷೆ ಅಲ್ಲ ಅಂತ ಈಗ ಅನಿಸುತ್ತೆ. ತವರಿನಲ್ಲಿ ಅವರ ಹೆಸರು ಉಳಿದಿದ್ದುದು ಅದೊಂದರ ಮೇಲೇ ಅಲ್ವಾ. ಗಾಜಿನ ಬೀರುವಿನಲ್ಲಿ ಪಿಂಗಾಣಿ ಕಪ್ಪು ಬಸಿ ಇದ್ದವು, ಕಾಫಿ ಬೋರ್ಡಿನವರು, ಬ್ಯಾಂಕಿನವರು ಬಂದರೆ ಮಾತ್ರ ಇಳಿಯುತ್ತಿದ್ದವು. ಮನೆಯವರು ಯಾರೂ ಅದರಲ್ಲಿ ಕುಡಿದದ್ದಿಲ್ಲ. ತೋಟದ ಲೆಕ್ಕ ಬರೆಯುವ ರೈಟರಿಗೆ ಜಗಲಿಯಲ್ಲಿ ಸ್ಟೀಲ್ ತಟ್ಟೆ. ಆಳುಗಳ ಕೆಲಸ ನೋಡುವ ಮೇಸ್ತ್ರಿಗೆ ಬಾಳೆ ಎಲೆ.

ಎನಾಮಲ್ ತಟ್ಟೆ ಒಳಗೆ ಇರಲಿಲ್ಲ. ಸೌದೆ ಕೊಟ್ಟಿಗೆಯ ಗೋಡೆಯಲ್ಲೊಂದು ಗೂಡು, ಅಲ್ಲಿ ಬೋರಲು ಹಾಕಿರುತ್ತಿದ್ದವು. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವಾಗ ಮಾರ್ಚ್. ಕೊಯ್ಲು ಮುಗಿದ ದಿನ ಎಲ್ಲ ಆಳುಗಳಿಗೂ ಕಣದಲ್ಲಿ ಕೋಳಿ ಸಾರು, ಕಡುಬಿನ ಊಟ. ಅವರವರ ತಟ್ಟೆ ಅವರೇ ಗೂಡಿನಿಂದ ತೆಗೆದುಕೊಂಡು ಬರಬೇಕು. ಉಂಡು, ಹೊರಗಿನ ನಲ್ಲಿಯಲ್ಲಿ ತೊಳೆದು, ಮತ್ತೆ ಗೂಡಿಗೆ ಬೋರಲು. ಅಜ್ಜಿ ಸಾರು ಬಡಿಸುವಾಗ ಸೌಟು ತಟ್ಟೆಗೆ ತಾಗದಷ್ಟು ಎತ್ತರದಲ್ಲಿರುತ್ತಿತ್ತು. ಕೈಗೆ ಅಷ್ಟು ಪಳಗಿತ್ತು ಅದು. ಒಂದು ಹನಿ ಚೆಲ್ಲುತ್ತಿರಲಿಲ್ಲ.

ತಮಾಷೆ ಅಂದರೆ ನನಗೆ ಆಸೆ ಇದ್ದದ್ದು ಆ ತಟ್ಟೆಯ ಮೇಲೇ. ಸ್ಟೀಲಿಗಿಂತ ಎಷ್ಟು ಚೆಂದ! ಬಿಳಿ ಮೇಲೆ ಕೆಂಪು ಸಾರು, ಸುತ್ತ ನೀಲಿ ಗೆರೆ. ಒಂದು ಸಲ ಗೂಡಿನಿಂದ ಎತ್ತಿಕೊಂಡು ಬಂದು ಮಣೆ ಮೇಲೆ ಕೂತಿದ್ದೆ. ಅಜ್ಜಿ ಬೈಯಲಿಲ್ಲ. "ಅದು ಹೊರಗಿಂದು ಮಗಾ" ಅಂತ ಮೆಲ್ಲಗೆ ತೆಗೆದುಕೊಂಡು ಹೋದರು. ಅಜ್ಜಿ ಕೆಟ್ಟವರಲ್ಲ. ಯಾರಿಗೆ ಜ್ವರ ಬಂದರೂ ಗಂಜಿ ಕಳಿಸುತ್ತಿದ್ದರು. ಗಂಜಿ ಹೋಗುತ್ತಿದ್ದದ್ದೂ ಅದೇ ತಟ್ಟೆಯಲ್ಲಿ.

ಎನಾಮಲ್ ಅಂದರೆ ಕಬ್ಬಿಣದ ತಗಡಿನ ಮೇಲೆ ಗಾಜಿನ ಪುಡಿ ಬಳಿದು, 800 ಡಿಗ್ರಿ ಹತ್ತಿರದ ಕಾವಿನಲ್ಲಿ ಕರಗಿಸಿ ಅಂಟಿಸಿದ್ದು. ಹುಳಿಗೆ ಜಗ್ಗುವುದಿಲ್ಲ, ವಾಸನೆ ಹಿಡಿಯುವುದಿಲ್ಲ. ಬಿದ್ದರೆ ಪಿಂಗಾಣಿಯಂತೆ ಚೂರಾಗುವುದಿಲ್ಲ, ಚಕ್ಕೆ ಏಳುತ್ತದೆ ಅಷ್ಟೇ. ಎದ್ದ ಕಡೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ನಮ್ಮಲ್ಲಿ ಅದು ಹೊರಗಿನ ತಟ್ಟೆಯಾದದ್ದು ಅಗ್ಗ ಅಂತ, ಬಾಳಿಕೆ ಬರುತ್ತೆ ಅಂತ. ಇವತ್ತು ಅತ್ತಿಗೆ ಆನ್‌ಲೈನಲ್ಲಿ ಕೊಟ್ಟ ರೇಟು ಕೇಳಿದ್ದರೆ ಅಜ್ಜಿ ಎದೆ ಹಿಡಿದುಕೊಳ್ಳುತ್ತಿದ್ದರು. ಅದರಲ್ಲೂ ಬೇಕಂತಲೇ ಚಕ್ಕೆ ಎಬ್ಬಿಸಿ ಹಳೆಯದರ ಥರ ಮಾಡಿರುವುದಕ್ಕೆ ಜಾಸ್ತಿ ರೇಟಂತೆ!

ಕಾನೂನಿಗೂ ತಟ್ಟೆ ಲೋಟದ ವಿಷಯ ಗೊತ್ತಿತ್ತು. 1955ರ ಅಸ್ಪೃಶ್ಯತೆ ಕಾಯ್ದೆಯಲ್ಲಿ ಹೋಟೆಲು, ಛತ್ರಗಳಲ್ಲಿ ಜನರಿಗೆಂದು ಇಟ್ಟ ಪಾತ್ರೆ ಬಳಸಲು ಅಡ್ಡಿ ಮಾಡುವುದು ಅಪರಾಧ ಅಂತ ಬರೆದೇ ಇದೆ. ಅದೇ ಕಾಯ್ದೆ 1976ರಲ್ಲಿ ಬಿಗಿಯಾಗಿ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಆಯಿತು. ಪಾತ್ರೆಯ ಆ ಮಾತು ಸಾರ್ವಜನಿಕ ಜಾಗದ್ದು. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಕೊನೆಯ ಮಾತು, ಮತ್ತು ನಮ್ಮ ಸೌದೆ ಕೊಟ್ಟಿಗೆಯ ಗೂಡಿನ ಮಾತು.

ಇಷ್ಟು ಬರೆದ ಮೇಲೆ ಅತ್ತಿಗೆಯ ಮೇಲೆ ಯಾರಿಗಾದರೂ ಸಿಟ್ಟು ಬಂದರೆ ಅದು ಅನ್ಯಾಯ. ಅವರು ತಿಪಟೂರಿನವರು, ಆ ಗೂಡು ನೋಡಿದವರೇ ಅಲ್ಲ. ಅವರು ಮದುವೆಯಾಗಿ ಬರುವ ಹೊತ್ತಿಗೆ ಅಲ್ಲಿ ಗ್ಯಾಸ್ ಸಿಲಿಂಡರ್ ನಿಂತಿತ್ತು. ಸಂಬಳ ಸರಿಯಾಗಿ ಕೊಡುತ್ತಾರೆ. ಆಕೆಯನ್ನು ಅಡುಗೆಮನೆಯ ಟೇಬಲ್ಲಿಗೇ ಕೂರಿಸಿ, ಜೊತೆಗೆ ತಾವೂ ಕೂತು ಊಟ ಮಾಡುತ್ತಾರೆ. ನಮ್ಮ ಅಮ್ಮ ಇವತ್ತಿಗೂ ಅಷ್ಟು ಮಾಡಲಾರರು. ನನಗೆ ಸಿಟ್ಟು ಬಂದದ್ದು ಅಣ್ಣನ ಮೇಲೆ. ಅವನಿಗೆ ಎಲ್ಲ ಗೊತ್ತು, ನನಗಿಂತ ಆರು ವರ್ಷ ದೊಡ್ಡವನು. ಕೇಳಿದರೆ "ಸುಮ್ನಿರೇ, ಗೆಸ್ಟ್ ಮುಂದೆ ಅದೆಲ್ಲ ಯಾಕೆ" ಅಂದ. ಅವನು ಎಲ್ಲದಕ್ಕೂ ಹಾಗೇ.

ಊಟದ ಹೊತ್ತಿಗೆ ಆಕೆಯ ಮುಂದೆ ಸ್ಟೀಲ್ ತಟ್ಟೆ ಇತ್ತು. "ನೀವೂ ಅದ್ರಲ್ಲೇ ಹಾಕ್ಕೊಳ್ಳಿ" ಅಂದೆ. "ಬ್ಯಾಡಿ ಅಮ್ಮೋರೆ, ಅದ್ರಲ್ಲಿ ಉಂಡಿದ್ದು ಸಾಕು" ಅಂದರು. ಆಗಲೂ ನಕ್ಕರು. ಅದಕ್ಕೇ ಆ ಮೊದಲ ಮಾತು ಇನ್ನೂ ಬಗೆಹರಿಯುತ್ತಿಲ್ಲ. ತಟ್ಟೆ ಒಳಗೆ ಬಂದದ್ದಕ್ಕೆ ಅದು ಖುಷಿಯೋ, ನಮ್ಮನ್ನು ಆಡಿಕೊಂಡದ್ದೋ? ಎರಡೂ ಇರಬಹುದು. ಆಕೆ 'ನನ್' ಅನ್ನಲಿಲ್ಲ, 'ನಮ್' ಅಂದರು. ಆ 'ನಮ್'ನಲ್ಲಿ ಯಾರ್ಯಾರಿದ್ದರೋ, ನಾನಂತೂ ಇರಲಿಲ್ಲ.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ ಸ್ವಲ್ಪವೂ ತಡವರಿಸಲಿಲ್ಲ. "ಅವಳ್ದು ನೀಲಿ ಅಂಚಿಂದಲ್ಲ ಕಣೇ, ಹಸಿರು. ನೀಲಿದು ಅವಳ ಅತ್ತೇದು. ತಳದಲ್ಲಿ ಚಕ್ಕೆ ಎದ್ದಿತ್ತಾ?" ಅಂತ ಕೇಳಿದರು. ಎದ್ದಿತ್ತು ಅಂದೆ. "ಹಾಗಾದ್ರೆ ಅತ್ತೇದೇ. ಅವಳಿಗೆ ಮೊದ್ಲಿಂದ್ಲೂ ಬಾಯಿ ಜೋರು." ಅಮ್ಮನಿಗೆ ನಿನ್ನೆ ತೆಗೆದುಕೊಂಡ ಮಾತ್ರೆ ನೆನಪಿರುವುದಿಲ್ಲ. ಯಾರ ತಟ್ಟೆ ಯಾವುದು ಅನ್ನುವುದು ಮಾತ್ರ ಮೂವತ್ತೈದು ವರ್ಷದ ಮೇಲೂ ಚಕ್ಕೆ ಸಮೇತ ನೆನಪಿದೆ.

ಇವತ್ತು ಬೆಳಿಗ್ಗೆ ಅತ್ತಿಗೆಯ ಫೋನು. ಅಜ್ಜನ ಕಂಚಿನ ತಟ್ಟೆ ನನ್ನ ಹತ್ತಿರ ಹಾಸನದಲ್ಲಿದೆ, ಹಾಲ್‌ನ ಗೋಡೆಗೆ ಬೇಕಂತೆ.

"ಗೋಡೆಗೆ ಕೊಡಲ್ಲ ಅತ್ತಿಗೆ. ಊಟಕ್ಕೆ ಬಳಸೋದಾದ್ರೆ ತಗೊಳ್ಳಿ" ಅಂದೆ.

"ಅದೂ ಸರಿ. ಬಳಸೋಣ."

"ಯಾರಿಗೆ ಬಡಿಸ್ತೀರಿ?"

ಅತ್ತಿಗೆ ಒಂದು ಕ್ಷಣ ಯೋಚಿಸಿ, "ಯಾರಾದ್ರೂ ವಿಐಪಿ ಗೆಸ್ಟ್ ಬಂದ್ರೆ" ಅಂದರು. ನೋಡೋಣ ಅಂದಿದ್ದೇನೆ.