ಸಮುದ್ರದ ತಳ ನೋಡುವಾಗ ನೀರನ್ನೂ ಉಳಿಸಿಕೊಳ್ಳಿ

ಸೈಸ್ಮಿಕ್ ಡೇಟಾ, ಅಂದರೆ ಸಮುದ್ರದೊಳಕ್ಕೆ ಶಬ್ದ ಬಿಟ್ಟು ಪಡೆದ ಪ್ರತಿಧ್ವನಿಗಳ ದಾಖಲೆ, ಪ್ರೊಸೆಸ್ ಮಾಡುವವರು ಶುರುವಿನಲ್ಲೇ ಮಾಡುವ ಒಂದು ಕೆಲಸ ಅಂದರೆ ನೀರನ್ನು ಅಳಿಸುವುದು. ಸಮುದ್ರದ ತಳ ಎಲ್ಲಿದೆ ಅಂತ ಗೆರೆ ಎಳೆದು, ಅದರ ಮೇಲಿನದನ್ನೆಲ್ಲ ಮ್ಯೂಟ್ ಮಾಡಿಬಿಡುತ್ತೇವೆ. ತೈಲ ಹುಡುಕುವವರಿಗೆ ಬೇಕಾದದ್ದು ತಳದ ಕೆಳಗಿನ ಪದರಗಳು. ನೀರು ಯಾರಿಗೆ ಬೇಕು ಹೇಳಿ? ಸಮುದ್ರದಿಂದ ನೂರಾರು ಕಿಲೋಮೀಟರ್ ದೂರ, ಕಲಬುರಗಿಯ ಮನೆಯಲ್ಲಿ ಕೂತು ಇದೇ ಕೆಲಸ ಮಾಡುವ ನನಗೆ ಈ ಅಭ್ಯಾಸ ಸರಿ ಅನ್ನಿಸುವುದಿಲ್ಲ. ತಳದ ಕೆಸರನ್ನು ಅಲ್ಲಿಗೆ ತಂದು ಹಾಕಿದ್ದೇ ಆ ನೀರು ಅಲ್ವಾ?

ಮೊದಲು ಡೇಟಾ ಹೇಗೆ ಬರುತ್ತದೆ ಅಂತ ಹೇಳಿಬಿಡುತ್ತೇನೆ. ಹಡಗು ಏರ್‌ಗನ್ ಎಳೆದುಕೊಂಡು ಹೋಗುತ್ತದೆ. ಅದು ಒತ್ತಿಟ್ಟ ಗಾಳಿಯನ್ನು ನೀರಿನೊಳಗೆ ಒಮ್ಮೆಲೇ ಬಿಡುತ್ತದೆ. ಹಿಂದೆ ಕಿಲೋಮೀಟರ್‌ಗಟ್ಟಲೆ ಕೇಬಲ್, ಅದರ ತುಂಬ ಹೈಡ್ರೋಫೋನ್, ಅಂದರೆ ನೀರಿನೊಳಗಿನ ಮೈಕ್. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ತಳ 1500 ಮೀಟರ್ ಆಳದಲ್ಲಿದ್ದರೆ ಪ್ರತಿಧ್ವನಿ ವಾಪಸ್ ಬರಲು 2 ಸೆಕೆಂಡ್ ಬೇಕು. ಉಳಿದ ಶಬ್ದ ಕೆಸರಿನೊಳಗೆ ಇಳಿದು, ಒಂದೊಂದು ಪದರದಿಂದಲೂ ಸ್ವಲ್ಪ ಸ್ವಲ್ಪ ಹಿಂದಿರುಗುತ್ತದೆ.

ಆ ಮೊದಲ 2 ಸೆಕೆಂಡ್ ಖಾಲಿ ಅಂತಲೇ ಬಹಳ ಜನ ಅಂದುಕೊಂಡಿದ್ದರು. 2003ರಲ್ಲಿ ಭೂವಿಜ್ಞಾನಿ ಸ್ಟೀವನ್ ಹಾಲ್‌ಬ್ರೂಕ್ ಮತ್ತು ಜೊತೆಗಾರರು ‘ಸೈನ್ಸ್’ ಪತ್ರಿಕೆಯಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಯ ಚಿತ್ರಗಳನ್ನು ಪ್ರಕಟಿಸಿದರು. ಲ್ಯಾಬ್ರಡಾರ್‌ನ ತಣ್ಣನೆ ಪ್ರವಾಹಕ್ಕೂ ಉತ್ತರ ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹಕ್ಕೂ ನಡುವಿನ ಗಡಿ ಅದರಲ್ಲಿ ಪದರ ಪದರವಾಗಿ ಕಾಣುತ್ತಿತ್ತು. ನೀರು ಒಂದು ಡಿಗ್ರಿ ಬಿಸಿಯಾದರೆ ಶಬ್ದ ಸೆಕೆಂಡಿಗೆ ಮೂರು ನಾಲ್ಕು ಮೀಟರ್ ಜಾಸ್ತಿ ಓಡುತ್ತದೆ. ಪ್ರತಿಧ್ವನಿ ಹುಟ್ಟಲು ಅಷ್ಟು ವ್ಯತ್ಯಾಸವೂ ಬೇಡ, ಅದಕ್ಕಿಂತ ಕಡಿಮೆಯೇ ಸಾಕು. ಆದರೆ ತಳದ ಪ್ರತಿಧ್ವನಿಗಿಂತ ಇದು ನೂರರಿಂದ ಸಾವಿರ ಪಟ್ಟು ಕ್ಷೀಣ.

ಹಾಗಾಗಿ ಇದನ್ನು ಹೊರಗೆ ತೆಗೆಯುವುದೇ ಒಂದು ಕೆಲಸ. ಗನ್ನಿನಿಂದ ನೇರವಾಗಿ ಹೈಡ್ರೋಫೋನಿಗೆ ಬರುವ ಶಬ್ದ ಮೇಲಿನ ನೂರಾರು ಮೀಟರ್ ನೀರನ್ನು ಮುಚ್ಚಿಬಿಟ್ಟಿರುತ್ತದೆ. ಮೊದಲು ಅದನ್ನು ಕಳೆಯಬೇಕು. ಆಮೇಲೆ ಗೇನ್ ಏರಿಸುತ್ತಾ, ಅಂದರೆ ಕ್ಷೀಣ ಸಿಗ್ನಲ್ ಅನ್ನು ದೊಡ್ಡದು ಮಾಡುತ್ತಾ ಹೋಗಬೇಕು. ಕಪ್ಪು ಬಿಳುಪು ಗದ್ದಲದೊಳಗಿಂದ ಸಣ್ಣ ಗೆರೆಗಳು ಮೇಲೆ ಬರುತ್ತವೆ. ನಡು ಸಮುದ್ರದಲ್ಲಿ ಅವು ಹೆಚ್ಚುಕಡಿಮೆ ಸಪಾಟು. ಖಂಡದ ಇಳಿಜಾರು, ಅಂದರೆ ಕರಾವಳಿ ಕಡೆಯ ತಳ ಆಳ ಸಮುದ್ರಕ್ಕೆ ಇಳಿಯುವ ಜಾಗ, ಹತ್ತಿರ ಬಂದ ಹಾಗೆ ಬಳುಕಲು ಶುರು. ಇಳಿಜಾರಿಗೆ ತಾಗುವ ಕಡೆ ಗೆರೆ ಒಡೆದು ಚೂರುಚೂರು. ಮ್ಯೂಟ್ ಬಟನ್ ಒತ್ತಿದ್ದರೆ ಇದೆಲ್ಲ ಮಾಯ.

ಹೀಗೆ ಬಳುಕುವುದು ಒಳ ಅಲೆಗಳಿಂದ. ಮೇಲಿನ ಬೆಚ್ಚಗಿನ ಹಗುರ ನೀರಿಗೂ ಕೆಳಗಿನ ತಣ್ಣನೆ ಭಾರದ ನೀರಿಗೂ ನಡುವೆ ಏಳುವ ಅಲೆಗಳು ಇವು. ನಮ್ಮ ಅಂಡಮಾನ್ ಸಮುದ್ರದಲ್ಲಿ ಹತ್ತಾರು ಮೀಟರ್ ಎತ್ತರ ಏಳುತ್ತವೆ, ಮೇಲಿಂದ ನೋಡಿದರೆ ಸುಮ್ನೆ ಒಂದು ಪಟ್ಟಿ ಕಲಕಿದ ನೀರು. ಇವುಗಳಲ್ಲಿ ಉಬ್ಬರವಿಳಿತದಿಂದ ಹುಟ್ಟಿದವು ಓರೆಯಾಗಿ ಸಾಗುತ್ತವೆ. ಅಲೆಯ ಓರೆಗೂ ತಳದ ಇಳಿಜಾರಿಗೂ ತಾಳೆಯಾದರೆ ಶಕ್ತಿಯೆಲ್ಲ ತಳದ ಹತ್ತಿರವೇ ಸಿಕ್ಕಿಕೊಳ್ಳುತ್ತದೆ. ನೀರು ಜೋರಾಗಿ ಹಿಂದೆ ಮುಂದೆ ಓಡುತ್ತದೆ. ಅಲ್ಲಿ ಸಣ್ಣ ಕೆಸರು ಕೂರುವುದಿಲ್ಲ, ಕೂತದ್ದೂ ಏಳುತ್ತದೆ. ಎದ್ದದ್ದು ಬೇರೆ ಕಡೆ ಹೋಗಿ ದಪ್ಪಗೆ ಬೀಳುತ್ತದೆ. ನೀರಿನ ಗೆರೆ ಎಲ್ಲಿ ಒಡೆಯಿತು, ಕೆಳಗೆ ಪದರ ಎಲ್ಲಿ ತೆಳುವಾಯಿತು, ಎರಡನ್ನೂ ಒಂದೇ ಚಿತ್ರದಲ್ಲಿ, ಒಂದೇ ಹಡಗಿನ ಒಂದೇ ದಾರಿಯಲ್ಲಿ ನೋಡಬಹುದು. ಇದಕ್ಕಾಗಿಯೇ ನಾನು ಇಷ್ಟು ಹಠ ಹಿಡಿಯುವುದು.

ಸ್ಪೇನಿನ ಕಾಡಿಜ್ ಕೊಲ್ಲಿಯಲ್ಲಿ ಈ ಜೋಡಿ ಇನ್ನೂ ಸ್ಪಷ್ಟ. ಮೆಡಿಟರೇನಿಯನ್‌ನ ಉಪ್ಪು ಹೆಚ್ಚಿದ ಭಾರದ ನೀರು ಜಿಬ್ರಾಲ್ಟರ್ ದಾಟಿ ಇಳಿಜಾರಿಗೆ ಅಂಟಿಕೊಂಡೇ ಹರಿಯುತ್ತದೆ. ವೇಗ ಇರುವಲ್ಲಿ ತಳ ಕೊರೆದು ಕಾಲುವೆ, ಪಕ್ಕದಲ್ಲಿ ಕೆಸರಿನ ದಿಬ್ಬ. ಹಾಗಂತ ಕೆಸರೆಲ್ಲ ಇಷ್ಟು ನಿಧಾನಕ್ಕೇ ಸಾಗುತ್ತದೆ ಅಂತಲ್ಲ. 1929ರ ನವೆಂಬರ್ 18ರಂದು ನ್ಯೂಫೌಂಡ್‌ಲ್ಯಾಂಡ್ ಪಕ್ಕದ ಗ್ರ್ಯಾಂಡ್ ಬ್ಯಾಂಕ್ಸ್ ಭೂಕಂಪದ ನಂತರ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್‌ಗಳು ಒಂದಾದ ಮೇಲೊಂದು ಹರಿದವು. ಕೆಸರು ಬೆರೆತ ನೀರು ಇಳಿಜಾರಿನಲ್ಲಿ ನುಗ್ಗಿದ್ದೇ ಕಾರಣ ಅಂತ ವಿಜ್ಞಾನಿಗಳಾದ ಹೀಜನ್ ಮತ್ತು ಯೂಯಿಂಗ್ 1952ರಲ್ಲಿ ತೋರಿಸಿಕೊಟ್ಟರು.

ನಮ್ಮ ಭಾಗದವರಿಗೆ ಇದು ದೂರದ ವಿಷಯ ಅಲ್ಲವೇ ಅಲ್ಲ. ಶಹಾಬಾದ್ ಕಡೆ ಕಲ್ಲಿನ ಗಣಿಗೆ ಹೋಗಿ ಅಂಚಿನಲ್ಲಿ ನಿಂತು ನೋಡಿ. ಬೂದು ಬಣ್ಣದ ಸುಣ್ಣಕಲ್ಲು, ಒಂದರ ಮೇಲೊಂದು ಪದರ. ಹತ್ತಾರು ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳ ಅದು. ಪದರಗಳ ನಡುವಿನ ಸಂದು ಹುಡುಕಿ ಕಲ್ಲು ಕುಟಿಗ ಅಲ್ಲಿ ಉಳಿ ಇಟ್ಟು ಹೊಡೆಯುತ್ತಾನೆ. ಫರಸಿ ಸಪಾಟಾಗಿ ಎದ್ದು ಬರುತ್ತದೆ. ಅಷ್ಟು ತೆಳು ಪದರ ಸೈಸ್ಮಿಕ್‌ನಲ್ಲಿ ಕಾಣುವುದಿಲ್ಲ. 50 ಹರ್ಟ್ಸ್ ಶಬ್ದಕ್ಕೆ ನೀರಿನಲ್ಲಿ ಅಲೆಯ ಉದ್ದ 30 ಮೀಟರ್. ಅದರ ಕಾಲು ಭಾಗ, ಅಂದರೆ ಏಳೂವರೆ ಮೀಟರ್‌ಗಿಂತ ತೆಳುವಾದದ್ದನ್ನು ಬಿಡಿಸಿ ನೋಡುವುದು ಕಷ್ಟ. ಗಣಿಯ ಅಂಚಿನಲ್ಲಿ ನಿಂತವರಿಗೆ ಸಿಗುವ ವಿವರ ನನ್ನ ಸ್ಕ್ರೀನಿನಲ್ಲಿ ಯಾವತ್ತೂ ಸಿಗದು.

ಈಗಿನ ಸಮುದ್ರಕ್ಕೂ ನಮ್ಮ ಮಣ್ಣು ಹೋಗಿದೆ. ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಡುವುದು ಅದರಲ್ಲಿರುವ ಸ್ಮೆಕ್ಟೈಟ್ ಅನ್ನುವ ಜೇಡಿಯಿಂದ. ಭೀಮಾ ಅದನ್ನು ಕೃಷ್ಣೆಗೆ ಕೊಡುತ್ತದೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಅಣೆಕಟ್ಟುಗಳು ಬಂದ ಮೇಲೆ ಹೋಗುವ ಮಣ್ಣು ಬಹಳ ಕಡಿಮೆಯಾಗಿದೆ. ಅದಕ್ಕೂ ಮೊದಲು ಬಿದ್ದದ್ದು ಕೊಲ್ಲಿಯ ಪಶ್ಚಿಮ ಭಾಗದಲ್ಲಿ ಹಾಗೇ ಇದೆ. 2006ರಲ್ಲಿ ಕೃಷ್ಣಾ ಗೋದಾವರಿ ಬೇಸಿನ್‌ನಲ್ಲಿ ಕೊರೆದಾಗ ಇಂಥ ಜೇಡಿ ಕೆಸರಿನ ಬಿರುಕುಗಳಲ್ಲೇ ಗ್ಯಾಸ್ ಹೈಡ್ರೇಟ್ ಸಿಕ್ಕಿತು. ಮೀಥೇನ್ ಹಿಡಿದಿಟ್ಟುಕೊಂಡ ಮಂಜುಗಡ್ಡೆ ಅದು. ತಳದ ಕೆಳಗೆ ಎಷ್ಟು ಆಳದವರೆಗೆ ಅದು ಉಳಿಯುತ್ತದೆ ಅನ್ನುವುದನ್ನು ಒತ್ತಡ ಮತ್ತು ತಾಪ ತೀರ್ಮಾನಿಸುತ್ತವೆ. ಆ ಗಡಿ ಸೈಸ್ಮಿಕ್‌ನಲ್ಲಿ ತಳಕ್ಕೆ ಸಮಾನಾಂತರವಾದ ಗೆರೆಯಾಗಿ ಕಾಣುತ್ತದೆ. ತಳಕ್ಕೆ ತಾಗುವ ನೀರು ಬಿಸಿಯಾದರೆ, ಕಾಲ ಹೋದ ಹಾಗೆ ಆ ಗಡಿಯೂ ಜರುಗಬೇಕಾಗುತ್ತದೆ. ನೀರಿನ ದಾಖಲೆಯನ್ನೇ ಅಳಿಸಿ ಇದನ್ನು ಹೇಗೆ ಓದುವುದು?

ಭೂವಿಜ್ಞಾನ ಓದುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಒಂದು ಮಾತು. ಈ ಡೇಟಾ ಪ್ರೊಸೆಸ್ ಮಾಡುವ ಸೈಸ್ಮಿಕ್ ಯುನಿಕ್ಸ್ ಅನ್ನುವ ಸಾಫ್ಟ್‌ವೇರ್ ಉಚಿತ, ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಸಂಶೋಧನಾ ಹಡಗುಗಳ ಹಳೆಯ ಡೇಟಾ ಬೇಕಾದಷ್ಟು ಮುಕ್ತವಾಗಿ ಸಿಗುತ್ತದೆ. ಸಿದ್ಧ ಚಿತ್ರ ತೆಗೆದುಕೊಳ್ಳಬೇಡಿ, ಅದರಲ್ಲಿ ನೀರು ಆಗಲೇ ಹೋಗಿರುತ್ತದೆ. ರಾ ಶಾಟ್ ಗ್ಯಾದರ್, ಅಂದರೆ ಗನ್ನಿನ ಒಂದೊಂದು ಹೊಡೆತಕ್ಕೂ ಹೈಡ್ರೋಫೋನ್‌ಗಳು ಹಿಡಿದ ಮೂಲ ದಾಖಲೆ, ಇಳಿಸಿಕೊಳ್ಳಿ. ನೇರ ಶಬ್ದ ಕಳೆಯಿರಿ, ಗೇನ್ ಏರಿಸಿ, ಮೊದಲು ಇಳಿಜಾರು ಇರುವ ಕಡೆ ನೋಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನನಗೆ ಬರೆಯಿರಿ, ಕೂತು ಬಿಡಿಸೋಣ.