ಬೆರಳು ಮುರಿದ ಗೊಂಬೆಗೆ ಎನಾಮಲ್ ಬಳಿದರೆ

ರೋಲರ್ ಕೋಸ್ಟರ್ ಹತ್ತಬೇಕು ಅಂದರೆ ನಮ್ಮ ಕಡೆಯವರು ಬೆಂಗಳೂರು ದಾಟಿ ಬಿಡದಿಯವರೆಗೆ ಹೋಗಬೇಕು. ದಾವಣಗೆರೆ, ಚಿತ್ರದುರ್ಗದ ಮಕ್ಕಳಿಗೆ ಥೀಮ್ ಪಾರ್ಕ್ ಅಂದರೆ ಸಿಮೆಂಟ್ ಗೊಂಬೆಗಳ ಪಾರ್ಕು. ಶಾಲೆ ಪ್ರವಾಸದಲ್ಲಿ ಬೆಳಿಗ್ಗೆ ಕೋಟೆ, ಮಧ್ಯಾಹ್ನ ಬುತ್ತಿ ಬಿಚ್ಚೋದು ಗೊಂಬೆಗಳ ನೆರಳಲ್ಲಿ. ಚಿತ್ರದುರ್ಗದ ಮುರುಘಾ ವನ, ಹೈವೇ ಹಿಡಿದು ಹುಬ್ಬಳ್ಳಿ ಕಡೆ ಹೋದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ್ ರಾಕ್ ಗಾರ್ಡನ್: ಈ ರುಚಿ ಹತ್ತಿಸಿದ್ದು ಇಂಥವು. ಆಮೇಲೆ ಕೆರೆ ಏರಿಯ ಮೇಲೆ, ಬಡಾವಣೆಯ ಮೂಲೆಯಲ್ಲಿ, ತಾಲ್ಲೂಕು ಕೇಂದ್ರಗಳಲ್ಲಿ ಅದೇ ಮಾದರಿಯ ಪಾರ್ಕುಗಳು ಎದ್ದವು. ಈ ಬರಹದ ತಕರಾರು ಹಾಗೆ ಎದ್ದ ಪಾರ್ಕುಗಳ ಬಗ್ಗೆ. ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಎಲ್ಲ ಕಡೆ ಕೆಡುವ ರೀತಿ ಒಂದೇ.

'ಮೊದಲಿನ ಹಾಗಿಲ್ಲ ಬಿಡಿ' ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಟಿಕೆಟ್ ಏರಿದೆ, ಬೀಸೋ ಕಲ್ಲಿನ ಮುಂದೆ ಕೂತ ಅಜ್ಜಿಗೆ ಬೆರಳಿಲ್ಲ, ಡೈನೋಸಾರ್ ತಲೆ ಅಲ್ಲಾಡಿಸುವುದು ನಿಲ್ಲಿಸಿದೆ, ಕಾರಂಜಿ ಭಾನುವಾರವೂ ಬಂದ್. ಆದರೆ ಬೈದು ಬಂದರೆ ಮುಂದಿನ ವರ್ಷ ಏನು ಮಾಡುತ್ತಾರೆ? ಇನ್ನೊಂದು ಸುತ್ತು ಬಣ್ಣ ಹೊಡೆಸುತ್ತಾರೆ. ಪಾರ್ಕು ಹಾಳಾಗುತ್ತಿರುವುದರಲ್ಲಿ ಅರ್ಧ ಪಾಲು ಆ ಬಣ್ಣದ್ದೇ.

ಗೊಂಬೆ ಒಳಗೆ ಏನಿರುತ್ತದೆ ಅಂತ ಮೊದಲು ನೋಡೋಣ. ನಿಂತ ಮನುಷ್ಯನ ಅಳತೆಯ ಗೊಂಬೆಗೆ ಸಾಮಾನ್ಯವಾಗಿ 8 ಅಥವಾ 10 ಎಂಎಂ ಕಂಬಿಯ ಅಸ್ಥಿಪಂಜರ. ಅದರ ಮೇಲೆ ಎರಡು ಸುತ್ತು ಕೋಳಿ ಜಾಲರಿ, ಬೈಂಡಿಂಗ್ ವೈರಿನಲ್ಲಿ ಬಿಗಿದದ್ದು. ಅದರ ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ, 15ರಿಂದ 25 ಎಂಎಂ ದಪ್ಪ. ಎದೆ, ಬೆನ್ನು, ತೊಡೆಗೆ ಇದು ಸಾಕು, ದಶಕಗಟ್ಟಲೆ ಬಾಳುತ್ತದೆ. ತಾಪತ್ರಯ ಇರುವುದು ಬೆರಳು, ಮೂಗು, ಕಿವಿ, ಎತ್ತಿನ ಕೊಂಬು, ಕುಡುಗೋಲಿನ ತುದಿಯಲ್ಲಿ. ಅಲ್ಲಿ ಕಂಬಿಯ ಮೇಲೆ ಗಾರೆ ನಿಲ್ಲುವುದೇ 4-5 ಎಂಎಂ. ಹೊಸ ಸಿಮೆಂಟಿನ ಕ್ಷಾರ ಇರುವವರೆಗೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಆ ಕ್ಷಾರವನ್ನು ಹೊರಗಿನಿಂದ ಒಳಕ್ಕೆ ತಿನ್ನುತ್ತಾ ಬರುತ್ತದೆ. ಬೆರಳಿನಲ್ಲಿ ಅದಕ್ಕೆ ದಾರಿ ತೀರಾ ಹತ್ತಿರ. ಒಮ್ಮೆ ಕಂಬಿ ಮುಟ್ಟಿತೋ, ತುಕ್ಕು ಶುರು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ, ಗಾರೆ ಸೀಳುತ್ತದೆ, ಸೀಳಿನಲ್ಲಿ ಮಳೆನೀರು ಇಳಿಯುತ್ತದೆ. ಅಷ್ಟು ಹೊತ್ತಿಗೆ ಯಾವುದೋ ಮಗು ಫೋಟೋಗೆ ಅಂತ ಆ ಕೈ ಹಿಡಿದುಕೊಳ್ಳುತ್ತದೆ. 'ಮಕ್ಕಳು ಮುರೀತಾರೆ' ಅನ್ನುವುದು ಗೇಟಿನವರ ಮಾತು. ಮಕ್ಕಳು ಮುರಿದದ್ದು ಆಗಲೇ ಸತ್ತಿದ್ದ ಬೆರಳನ್ನು.

ನಮ್ಮ ಹವೆಯೂ ಇದಕ್ಕೆ ತಕ್ಕಂತಿದೆ. ದುರ್ಗದ ಕಡೆ ಗಾಳಿ ಎಷ್ಟು ಅಂತ ಗುಡ್ಡದ ಮೇಲಿನ ವಿಂಡ್‌ಮಿಲ್‌ಗಳೇ ಹೇಳುತ್ತವೆ. ಆ ಒಣ ಗಾಳಿಯಲ್ಲಿ ಹಸಿ ಗಾರೆ ಗಂಟೆಯೊಳಗೆ ಮೇಲೆ ಬಿಳಿಚಿಕೊಳ್ಳುತ್ತದೆ, ಕೂದಲೆಳೆ ಬಿರುಕು ಆಗಲೇ ಬೀಳುತ್ತವೆ. ಕನಿಷ್ಠ ಏಳು ದಿನ, ಸಾಧ್ಯವಾದರೆ ಹದಿನಾಲ್ಕು ದಿನ, ಒದ್ದೆ ಗೋಣಿಚೀಲ ಸುತ್ತಿ ನೀರುಣಿಸಬೇಕು. ಗೋಡೆಗಾದರೆ ಪೈಪ್ ಹಿಡಿದು ನಿಂತರೆ ನಡೆಯುತ್ತದೆ. ಗೊಂಬೆಗೆ ನಡೆಯುವುದಿಲ್ಲ, ಕಂಕುಳು, ಗಲ್ಲದ ಕೆಳಗೆ ನೀರು ತಲುಪುವುದೇ ಇಲ್ಲ. ಇನ್ನು ನೀರು ಯಾವುದು? ಹೆಚ್ಚಿನ ಕಡೆ ಬೋರ್‌ವೆಲ್ಲಿನದೇ. ಆ ನೀರು ಸವಳಾಗಿದ್ದರೆ ಅದರ ಉಪ್ಪು ಕಂಬಿಯ ತುಕ್ಕಿಗೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ಗಾರೆ ಕಲಸಲಾದರೂ ಟ್ಯಾಂಕರಿನ ಸಿಹಿನೀರು ತರಿಸಿದರೆ ಖರ್ಚು ಅಷ್ಟೇನೂ ಅಲ್ಲ.

ಈಗ ಬಣ್ಣಕ್ಕೆ ಬರೋಣ. ಬೆರಳು ಮುರಿದಾಗ ಮೇಸ್ತ್ರಿಯೊಬ್ಬರನ್ನು ಕರೆಸಿ, ಮುರಿದ ತುದಿಗೆ ನೀಟ್ ಸಿಮೆಂಟ್ (ಮರಳಿಲ್ಲದ ಬರೀ ಸಿಮೆಂಟ್) ಮೆತ್ತಿಸಿ, ಎರಡನೇ ದಿನವೇ ಎನಾಮಲ್ ಹೊಡೆಸುತ್ತಾರೆ. ಹಸಿ ಸಿಮೆಂಟಿನ ಕ್ಷಾರ ಎನಾಮಲ್ಲಿನ ಎಣ್ಣೆಯನ್ನು ಅಕ್ಷರಶಃ ಸೋಪು ಮಾಡಿಬಿಡುತ್ತದೆ. ಬಣ್ಣ ಅಂಟಂಟಾಗಿ, ಆಮೇಲೆ ಹಾಳೆಹಾಳೆಯಾಗಿ ಏಳುತ್ತದೆ. ಹಳೆ ಗಾರೆಯ ಮೇಲೂ ಎನಾಮಲ್ ಒಳ್ಳೆಯದಲ್ಲ. ಒಳಗಿನ ತೇವಕ್ಕೆ ಹೊರಬರಲು ದಾರಿ ಬಿಡುವುದಿಲ್ಲ, ಬಿಸಿಲಿಗೆ ಗುಳ್ಳೆ ಏಳುತ್ತದೆ. ಹೊಸ ಗಾರೆಗೆ 28 ದಿನ ಬಿಟ್ಟು, ಕ್ಷಾರ ತಡೆಯುವ ಪ್ರೈಮರ್ ಒಂದು ಕೋಟು, ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ ಎರಡು ಕೋಟು: ಇದು ಸರಿಯಾದ ಕ್ರಮ. ಬಣ್ಣದ ಆಯ್ಕೆಯಲ್ಲೂ ಒಂದು ಗುಟ್ಟಿದೆ. ಡಬ್ಬಿಯಲ್ಲಿ ಝಗಮಗ ಹೊಳೆಯುವ ಕೆಂಪು, ನಿಂಬೆ ಹಳದಿಗಳೇ ಬಿಸಿಲಿಗೆ ಮೊದಲು ಸೋಲುವುದು. ಕಾವಿ ಕೆಂಪು, ಗೋಪಿ ಹಳದಿಯಂಥ ಕಬ್ಬಿಣದ ಆಕ್ಸೈಡ್ ಬಣ್ಣಗಳು ಮಾಸುವುದು ಬಹಳ ನಿಧಾನ. ಹಳೇ ಮನೆಗಳ ಕಾವಿ ಪಟ್ಟಿ ಇನ್ನೂ ಕಾಣುತ್ತದಲ್ಲ, ಅದೇ ಕಾರಣಕ್ಕೆ.

ಬಣ್ಣ ಮಾಡುವ ಇನ್ನೊಂದು ಹಾನಿ ಯಾವ ಕಡತದಲ್ಲೂ ಬರುವುದಿಲ್ಲ. ಕುರಿ ಕಾಯುವ ಅಜ್ಜನ ಗೊಂಬೆ ಈ ಪಾರ್ಕುಗಳಲ್ಲಿ ಇದ್ದೇ ಇರುತ್ತದೆ. ಚಳ್ಳಕೆರೆ ಸೀಮೆಯ ಕಂಬಳಿ ಹೊದ್ದ ಅಜ್ಜ. ಆ ಕಂಬಳಿಯ ಒರಟುತನ ತರಲು ಕಲಾವಿದರು ಹಸಿ ಗಾರೆಯ ಮೇಲೆ ಗೋಣಿತಾಟು ಒತ್ತಿ ಎತ್ತುತ್ತಾರೆ, ಅಂಚಿನ ದಸಿಗಳನ್ನು ಮೊಳೆಯಿಂದ ಗೀರುತ್ತಾರೆ. ಮುಖದ ನಿರಿಗೆ, ಕೈ ಮೇಲಿನ ನರ ಎಲ್ಲ ಎರಡು ಮೂರು ಎಂಎಂ ಆಳದ ಕೆಲಸ. ಹಳೆಯದನ್ನು ಕೆರೆಯದೆ ವರ್ಷ ವರ್ಷ ಎನಾಮಲ್ ಬಳಿದರೆ ಆ ಗೀರುಗಳೆಲ್ಲ ತುಂಬಿಕೊಳ್ಳುತ್ತವೆ. ಕೊನೆಗೆ ಕಂಬಳಿ ಹೋಗಿ ಅಜ್ಜ ರೇನ್‌ಕೋಟ್ ಹಾಕಿಕೊಂಡವರ ಹಾಗೆ ಮಿಂಚುತ್ತಾ ನಿಂತಿರುತ್ತಾನೆ. ಕಣ್ಣಿನ ಗತಿಯಂತೂ ಕೇಳಲೇಬೇಡಿ. ಬಿಳಿ ವೃತ್ತ, ನಡುವೆ ಕರಿ ಬೊಟ್ಟು. ಊರಿನ ಎಲ್ಲ ಗೊಂಬೆಗಳೂ ಒಂದೇ ಸಲ ಬೆಚ್ಚಿಬಿದ್ದ ಹಾಗೆ.

ಇದರ ಬೇರು ಅಂದಾಜುಪಟ್ಟಿಯಲ್ಲಿದೆ. ಸರ್ಕಾರಿ ದರಪಟ್ಟಿಯಲ್ಲಿ ಪ್ಲಾಸ್ಟರಿಂಗ್, ಪೇಂಟಿಂಗ್ ಚದರ ಮೀಟರ್ ಲೆಕ್ಕ. ಗೊಂಬೆಯ ಕೆಲಸವನ್ನೂ ಅದೇ ಲೆಕ್ಕದಲ್ಲಿ ಬರೆದರೆ ಅಜ್ಜನ ಮುಖಕ್ಕೂ ಕಾಂಪೌಂಡ್ ಗೋಡೆಗೂ ಒಂದೇ ರೇಟು. ಆ ರೇಟಿಗೆ ಕಲಾವಿದರು ಬರುವುದಿಲ್ಲ, ಪೇಂಟರ್ ಬರುತ್ತಾನೆ, ಅವನದೇನೂ ತಪ್ಪಿಲ್ಲ. ಕಟ್ಟಲು ಒಂದೇ ಸಲ ದೊಡ್ಡ ಅನುದಾನ ಸಿಗುತ್ತದೆ, ಉದ್ಘಾಟನೆಯೂ ಆಗುತ್ತದೆ. ನಿರ್ವಹಣೆಗೆ ಮಾತ್ರ ಗೇಟಿನ ದುಡ್ಡು ನೋಡಿಕೊಳ್ಳಿ ಅನ್ನುತ್ತಾರೆ. ಗೇಟು ವಸೂಲಿಯನ್ನೂ ವರ್ಷದ ಹರಾಜಿಗೆ ಕೊಟ್ಟ ಕಡೆ ಕಥೆ ಮುಗಿದಂತೆಯೇ. ಒಂದೇ ವರ್ಷಕ್ಕೆ ಹಿಡಿದವರು ಗೊಂಬೆಯ ಕಂಬಿಗೆ ಯಾಕೆ ದುಡ್ಡು ಸುರಿಯುತ್ತಾರೆ? ಗಾಳಿ ತುಂಬುವ ಜಂಪಿಂಗ್ ಬಲೂನ್ ತಂದು ನಿಲ್ಲಿಸುತ್ತಾರೆ, ಗೋಬಿ ಗಾಡಿಗೆ ಜಾಗ ಬಾಡಿಗೆಗೆ ಕೊಡುತ್ತಾರೆ. ಬೇಸಾಯದ ದೃಶ್ಯದ ಎತ್ತುಗಳ ಮುಂದೆಯೇ ಗೋಬಿ ಬಾಣಲೆ ಕೂತರೆ ಅದರ ಎಣ್ಣೆ ಹೊಗೆಯೂ ಗೊಂಬೆ ಮೇಲೆ.

ಅಲ್ಲಾಡುವ ಡೈನೋಸಾರ್‌ನದು ಬೇರೆ ರೋಗ. ಒಳಗೆ ಕಬ್ಬಿಣದ ಚೌಕಟ್ಟು, ಕಾರಿನ ವೈಪರ್ ಮೋಟರಿನ ಜಾತಿಯ ಮೋಟರುಗಳು, ಮೇಲೆ ಗಟ್ಟಿ ಸ್ಪಾಂಜು, ಅದರ ಮೇಲೆ ಸಿಲಿಕೋನ್ ಚರ್ಮ. ಬಿಸಿಲು, ದೂಳಿಗೆ ಚರ್ಮ ಮೊದಲು ಬಿಡುವುದು ಕುತ್ತಿಗೆ ಮಡಿಕೆಯಲ್ಲಿ, ಯಾಕೆಂದರೆ ದಿನವಿಡೀ ಬಾಗುವುದು ಅದೇ. ಬಿರುಕಿನಿಂದ ಮಳೆನೀರು ಸ್ಪಾಂಜಿಗೆ ಇಳಿದರೆ ತಲೆಯ ಭಾರ ಏರುತ್ತದೆ, ಮೋಟರ್ ಸುಡುತ್ತದೆ. ಮೋಟರ್ ಬದಲಿಸುವುದು ದೊಡ್ಡ ಖರ್ಚಲ್ಲ. ಆದರೆ ಹೊಟ್ಟೆಯಲ್ಲಿ ಬಾಗಿಲು ಬಿಟ್ಟಿರುವುದಿಲ್ಲ, ಮೋಟರ್ ಮುಟ್ಟಬೇಕಾದರೆ ಚರ್ಮ ಕುಯ್ಯಬೇಕು, ಕುಯ್ದದ್ದನ್ನು ಅಂಟಿಸಲು ಬರುವವರು ಊರಲ್ಲಿಲ್ಲ. ಹಾಗಾಗಿ ಸ್ಪೀಕರ್ ಮಾತ್ರ ಚಾಲೂ ಇಟ್ಟು, ನಿಂತ ಡೈನೋಸಾರ್ ಘರ್ಜಿಸುವ ಹಾಗೆ ಮಾಡುತ್ತಾರೆ.

ನಮ್ಮಲ್ಲಿ ದುಡ್ಡಿಲ್ಲ, ಅದಕ್ಕೆ ಹೀಗೆ ಅಂದುಕೊಳ್ಳುವವರಿಗೆ ಒಂದು ಸಮಾಧಾನ. ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿಯ ಅನಿಮಲ್ ಕಿಂಗ್‌ಡಮ್ ಪಾರ್ಕಿನಲ್ಲಿ 2006ರಲ್ಲಿ ಎಕ್ಸ್‌ಪೆಡಿಷನ್ ಎವರೆಸ್ಟ್ ಎಂಬ ರೈಡ್ ಶುರುವಾಯಿತು, ಕೃತಕ ಬೆಟ್ಟದೊಳಗೆ ಓಡುವ ರೋಲರ್ ಕೋಸ್ಟರ್. ಕೊನೆಯಲ್ಲಿ ಸುಮಾರು 25 ಅಡಿ ಎತ್ತರದ ಯೇತಿ (ಹಿಮಮಾನವನ ಯಂತ್ರಗೊಂಬೆ) ಕೈ ಬೀಸಿ ಜನರ ಮೇಲೆ ಎರಗಬೇಕು. ಸ್ವಲ್ಪ ಕಾಲ ಎರಗಿತು, ಆಮೇಲೆ ನಿಂತುಬಿಟ್ಟಿತು. ಅದಾದ ಮೇಲೆ ಮಿಣುಕು ದೀಪ ಹಾಕಿ ಅಲ್ಲಾಡುತ್ತಿದೆ ಅನ್ನಿಸುವಂತೆ ಮಾಡಿದರು. ಅಲ್ಲಿಯ ಅಭಿಮಾನಿಗಳು ಅದಕ್ಕೆ 'ಡಿಸ್ಕೋ ಯೇತಿ' ಅಂತ ಹೆಸರಿಟ್ಟು ವರ್ಷಗಟ್ಟಲೆ ಆಡಿಕೊಂಡಿದ್ದಾರೆ. ಕಟ್ಟಿ ಮುಗಿಸಿದ ಬೆಟ್ಟದ ಒಳಗೆ, ಎತ್ತರದ ಕಂಬದ ಮೇಲೆ ಕೂತ ಅಷ್ಟು ದೊಡ್ಡ ಯಂತ್ರವನ್ನು ಬಿಚ್ಚುವುದು ಸುಲಭವಲ್ಲ. ಹೊಟ್ಟೆಗೆ ಬಾಗಿಲು ಇಡದ ನಮ್ಮ ಡೈನೋಸಾರ್‌ನದೂ ಅದೇ ಪಾಡು, ದುಡ್ಡಿನ ಅಂಕಿಯಲ್ಲಷ್ಟೇ ವ್ಯತ್ಯಾಸ.

ಸಂಗೀತ ಕಾರಂಜಿ ಕೆಡುವುದು ನೀರಿನಿಂದ. ಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ 7 ಎಂಎಂ ಆವಿಯಾಯಿತು ಅಂದುಕೊಳ್ಳಿ. 20 ಮೀಟರ್ ಉದ್ದ, 10 ಮೀಟರ್ ಅಗಲದ ತೊಟ್ಟಿಗೆ ಅದು ದಿನಕ್ಕೆ 1400 ಲೀಟರ್. ನೀರು ಹೋಗುತ್ತದೆ, ಸುಣ್ಣದ ಅಂಶ ಅಲ್ಲೇ ಉಳಿಯುತ್ತದೆ. ಮತ್ತೆ ಗಡಸು ನೀರು ತುಂಬಿಸಿದಷ್ಟೂ ಅದು ಗಟ್ಟಿಯಾಗುತ್ತಾ ಹೋಗಿ ನಳಿಕೆಯ ಬಾಯಿ ಕಟ್ಟುತ್ತದೆ. ಒಂದೇ ಸಾಲಿನ ಚಿಲುಮೆಗಳು ಒಂದೇ ಎತ್ತರಕ್ಕೆ ಏಳದೆ, ಒಂದು ಮೋಟು, ಒಂದು ಓರೆ ಆಗಿದ್ದರೆ ಅದೇ ಗುರುತು. ಮದ್ದು ಬಹಳ ಅಗ್ಗ: ನಳಿಕೆ ಬಿಚ್ಚಿ, ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆಹುಳಿ (ಸಿಟ್ರಿಕ್ ಆಸಿಡ್) ಪುಡಿ ಬೆರೆಸಿ ಒಂದೆರಡು ಗಂಟೆ ಅದ್ದಿಡಬೇಕು, ಆಮೇಲೆ ಪ್ಲಾಸ್ಟಿಕ್ ಬ್ರಷ್‌ನಲ್ಲಿ ಉಜ್ಜಬೇಕು. ತಂತಿ ಬ್ರಷ್ ಹಾಕಿದರೆ ಬಾಯಿ ಗೀರಿ ಚಿಲುಮೆ ಚದುರುತ್ತದೆ. ತಿಂಗಳಿಗೊಮ್ಮೆ ಮಾಡುವ ಕೆಲಸವನ್ನು ವರ್ಷಕ್ಕೊಮ್ಮೆಯೂ ಮಾಡದೆ, ಪಂಪ್ ಸುಟ್ಟ ಮೇಲೆ ಹೊಸ ಕಾರಂಜಿಗೇ ಪ್ರಸ್ತಾವ ಕಳಿಸುವುದು ಈಗಿನ ಪದ್ಧತಿ.

ಜಾರುಬಂಡಿ ಬಗ್ಗೆ ಅಪ್ಪ ಅಮ್ಮಂದಿರಿಗೆ ಒಂದೇ ಮಾತು: ಫೈಬರಿನದಾದರೆ ಕೂರಿಸುವ ಮುಂಚೆ ಕೈ ಆಡಿಸಿ ನೋಡಿ. ಮೇಲಿನ ನುಣುಪು ಪದರ ಬಿಸಿಲಿಗೆ ಹೋಗಿದ್ದರೆ ಗಾಜಿನ ನಾರು ಎದ್ದಿರುತ್ತದೆ, ಮಕ್ಕಳ ತೊಡೆ ಸಂಜೆವರೆಗೆ ಕೆರೆತ. ಉಯ್ಯಾಲೆಯ ಮೇಲಿನ ಕೊಕ್ಕೆ ಸವೆದು ತೆಳ್ಳಗಾಗಿದ್ದರೆ ಹತ್ತಿಸಲೇಬೇಡಿ.

ಗೊಂಬೆ ಸರಿಯಾಗಿ ರಿಪೇರಿ ಆಗಿದೆಯೋ ಇಲ್ಲವೋ ಅಂತ ಟಿಕೆಟ್ ಕೊಟ್ಟು ಹೋದವರೂ ಕಂಡುಹಿಡಿಯಬಹುದು. ನಾಣ್ಯದಿಂದ ಮೆಲ್ಲಗೆ ಬಡಿದರೆ ಗಟ್ಟಿ ಗಾರೆ ಟಣ್ ಅನ್ನುತ್ತದೆ, ಒಳಗೆ ಬಿಟ್ಟುಕೊಂಡದ್ದು ಡಬ್ ಅನ್ನುತ್ತದೆ. ಮೊಣಕೈ ಕೆಳಗೆ ಇಳಿದ ಬಿಳಿ ಪಟ್ಟೆ ಸುಣ್ಣದ್ದು, ಅಷ್ಟು ಅಪಾಯವಿಲ್ಲ. ಕಂದು ಪಟ್ಟೆ ಕಂಬಿಯದು. ಕಂದು ಕಂಡರೆ ಬಣ್ಣದಿಂದ ಪ್ರಯೋಜನವಿಲ್ಲ. ಸಡಿಲ ಗಾರೆಯನ್ನೆಲ್ಲ ಕೆತ್ತಿ, ಕಂಬಿ ಬೆಳ್ಳಗೆ ಹೊಳೆಯುವವರೆಗೆ ತಂತಿ ಬ್ರಷ್ ಹಾಕಿ, ಜಿಂಕ್ ಪ್ರೈಮರ್ ಹಚ್ಚಬೇಕು. ಬೆರಳಾದರೆ ತುಕ್ಕು ತಿಂದ ತುಂಡು ತೆಗೆದು ಸ್ಟೇನ್‌ಲೆಸ್ ಕಡ್ಡಿ ಕೂರಿಸಬೇಕು. ಆಮೇಲೆ ಎಸ್‌ಬಿಆರ್ ಲೇಟೆಕ್ಸ್ (ಗಾರೆ ಗಟ್ಟಿಯಾಗಿ ಅಂಟಲು ಬೆರೆಸುವ ರಬ್ಬರಿನ ಹಾಲು) 1 ಕೆಜಿ, ಸಿಮೆಂಟ್ 5 ಕೆಜಿ, ಸೋಸಿದ ಮರಳು 15 ಕೆಜಿ ಲೆಕ್ಕದ ಗಾರೆ, ಒಂದು ಸಲಕ್ಕೆ 10-12 ಎಂಎಂಗಿಂತ ದಪ್ಪವಿಲ್ಲದ ಹಾಗೆ. ಒಂದು ಕೈಗೆ ಮೂರು ನಾಲ್ಕು ಕೆಜಿ ಗಾರೆ ಸಾಕು. ಇದರಲ್ಲಿ ತುಟ್ಟಿ ಅಂದರೆ ಕೈ ಕೆಲಸ ಬಲ್ಲವರ ಕೂಲಿ ಮಾತ್ರ.

ಪಾರ್ಕು ನಗರಸಭೆ, ಪಾಲಿಕೆ ಅಥವಾ ಯಾವುದೇ ಇಲಾಖೆಯದಾದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. 'ಪಾರ್ಕ್ ಯಾಕೆ ಹಾಳಾಗಿದೆ' ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಯಾಕೆ ಅನ್ನುವುದು ದಾಖಲೆಯಲ್ಲ. ಕಳೆದ ಮೂರು ವರ್ಷದ ನಿರ್ವಹಣಾ ಕಾಮಗಾರಿಯ ಅಂದಾಜುಪಟ್ಟಿ, ಅಳತೆ ಪುಸ್ತಕದ ಪುಟಗಳು, ಬಿಲ್ಲಿನ ಪ್ರತಿ ಕೇಳಿ. ಪೇಂಟಿಂಗ್‌ಗೆ ಎಷ್ಟು ಚದರ ಮೀಟರ್, ಗಾರೆ ರಿಪೇರಿಗೆ ಎಷ್ಟು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಎರಡನೆಯದು ಸೊನ್ನೆ ಇದ್ದರೆ ಮನವಿಯಲ್ಲಿ ಒಂದೇ ಬೇಡಿಕೆ ಸಾಕು: ಗೊಂಬೆ ಕೆಲಸವನ್ನು ಚದರ ಮೀಟರಿನಲ್ಲಲ್ಲ, ಒಂದೊಂದು ಗೊಂಬೆಗೆ ಇಷ್ಟು ಅಂತ ಬರೆಯಿರಿ, ಮಾಡುವವರು ಶಿಲ್ಪ ಕೆಲಸದವರಿರಲಿ. ಜೊತೆಗೆ ಮುರಿದ ಕೈ, ಕಂದು ಪಟ್ಟೆಗಳ ಫೋಟೋ, ತಾರೀಖು ಸಮೇತ.

ಮನವಿ ಕೊಡುವುದು ಮಳೆಗಾಲ ಮುಗಿಯುವಷ್ಟರಲ್ಲಿ ಆದರೆ ಒಳ್ಳೆಯದು. ನವೆಂಬರಿನಿಂದ ಜನವರಿವರೆಗೆ ಗಾರೆ ಕೆಲಸಕ್ಕೆ ಹದವಾದ ಕಾಲ, ಬಣ್ಣ ಹಿಡಿಯಲು 28 ದಿನವೂ ಸಿಗುತ್ತದೆ, ಬೇಸಿಗೆ ರಜೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಅದು ಬಿಟ್ಟು ಏಪ್ರಿಲ್ ಮಧ್ಯಾಹ್ನ ಮೇಸ್ತ್ರಿ ಗೊಂಬೆಗೆ ಸಿಮೆಂಟ್ ಮೆತ್ತುತ್ತಿದ್ದರೆ, ಪಕ್ಕದಲ್ಲಿ ಒದ್ದೆ ಗೋಣಿಚೀಲ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಅಲ್ಲೇ ನಿಂತು ಕೇಳಿ.