ಮಗುಚಲಿಕ್ಕೆ ಇಲ್ವಾ?

ಭಾನುವಾರದಿಂದ ಅಮ್ಮನ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಬ್ರೌನಿಯ ಹಿಟ್ಟನ್ನು ಟ್ರೇಗೆ ಸುರಿದು, ಒವನ್ ಬಾಗಿಲು ಮುಚ್ಚಿ, "ಆಯ್ತಮ್ಮಾ, ಇನ್ನು 28 ನಿಮಿಷ" ಅಂದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತೇ ಇದ್ದಳು.

"ಇಷ್ಟೆಯಾ? ಮಗುಚಲಿಕ್ಕೆ ಇಲ್ವಾ?"

"ಇಲ್ಲ. ನೀನು ಕೂತ್ಕೊ."

"ಮತ್ತೆ ನಾನೆಂತ ಮಾಡುದು?"

ಆಗ ನಗುತ್ತಾ ಕುರ್ಚಿ ಎಳೆದುಕೊಟ್ಟೆ. ರಾತ್ರಿ ಮಲಗಿದಾಗ ಮಾತ್ರ ಆ ಪ್ರಶ್ನೆ ಬಿಡಲೇ ಇಲ್ಲ.

ಮಂಡಿನೋವು ತೋರಿಸಲು ಪುತ್ತೂರಿನಿಂದ ಬೆಂಗಳೂರಿಗೆ ಬಂದಿದ್ದಾಳೆ ಅಮ್ಮ. ಮೊಟ್ಟೆ ತಿನ್ನುವುದಿಲ್ಲ, ಹಾಗಾಗಿ ಕಂಡೆನ್ಸ್ಡ್ ಮಿಲ್ಕಿನ ಬ್ರೌನಿ ಮಾಡಿದ್ದು. 150 ಗ್ರಾಂ ಡಾರ್ಕ್ ಚಾಕೊಲೇಟ್, 100 ಗ್ರಾಂ ಬೆಣ್ಣೆ ಒಟ್ಟಿಗೆ ಕರಗಿಸಿ, 400 ಗ್ರಾಂ ಡಬ್ಬಿಯ ಹಾಲು ಪೂರ್ತಿ ಸುರಿದು, 125 ಗ್ರಾಂ ಮೈದಾ, ಎರಡು ಚಮಚ ಕೊಕ್ಕೋ ಪುಡಿ, ಅರ್ಧ ಚಮಚ ಬೇಕಿಂಗ್ ಪೌಡರ್ ಜರಡಿ ಹಿಡಿದು ಸೇರಿಸಿ, ಸ್ವಲ್ಪ ಹಾಲು ಹಾಕಿ ಕಲಸಿದರೆ ಮುಗಿಯಿತು. ಮೈದಾ ಹಾಕಿದ ಮೇಲೆ ಜಾಸ್ತಿ ತಿರುವಬಾರದು, ರಬ್ಬರಿನ ಹಾಗಾಗುತ್ತದೆ. ಇದನ್ನು ಹೇಳಿದಾಗ ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ಕಡಿಮೆ ತಿರುವಿದಷ್ಟೂ ಒಳ್ಳೆಯದಾಗುವ ಸಿಹಿಯನ್ನು ಅವಳು ನೋಡಿಯೇ ಇಲ್ಲ.

ಅವಳ ಲೆಕ್ಕದಲ್ಲಿ ಸಿಹಿ ಅಂದರೆ ನಿಲ್ಲುವುದು. ನೇಂದ್ರ ಬಾಳೆಹಣ್ಣಿನ ಹಲ್ವಕ್ಕೆ ಕಟ್ಟಿಗೆ ಒಲೆಯ ಮುಂದೆ ಒಂದೂವರೆ ಗಂಟೆ. ಕೈ ನಿಂತರೆ ತಳ ಹಿಡಿಯಿತು. ಗಟ್ಟಿಯಾಗುತ್ತಾ ಬಂದ ಹಾಗೆ ಸಟ್ಟುಗ ಭಾರ, ಗುಳ್ಳೆ ಒಡೆದು ಸಿಡಿಯುವ ಪಾಕ ಬೇರೆ. ಅವಳ ಬಲ ಮಣಿಕಟ್ಟಿನಲ್ಲಿ ಪುನರ್ಪುಳಿ ಬೀಜದಷ್ಟು ದೊಡ್ಡ ಕಲೆ ಇದೆ. ನಾನು ಹುಟ್ಟುವ ಮೊದಲಿನದು. ಹರಿವಾಣಕ್ಕೆ ಸುರಿದು, ಆರಿಸಿ, ತುಂಡು ಮಾಡಿ ಬಡಿಸಿದರೆ ನಮ್ಮ ದೊಡ್ಡಪ್ಪ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು: "ತುಪ್ಪ ಇನ್ನೊಂದು ಸೌಟು ಬೀಳಬೇಕಿತ್ತು." ಅವರು ಒಲೆಯ ಹತ್ತಿರ ಬಂದದ್ದನ್ನು ನಾನು ನೋಡಿಲ್ಲ. ಈಗ ನೆನೆದರೂ ಸಿಟ್ಟು ಬರುತ್ತದೆ. ಆದರೆ ನಾವು ಮಕ್ಕಳು ಮಾಡಿದ್ದಾದರೂ ಏನು? "ಅಮ್ಮನ ಕೈರುಚಿ" ಎಂದು ಊರಿಡೀ ಹೇಳಿಕೊಂಡು ತಿರುಗಿದೆವು. ಆ ಕೈ ನೋಯುತ್ತದಾ ಎಂದು ಒಬ್ಬರೂ ಕೇಳಲಿಲ್ಲ.

ಕುರ್ಚಿಯಲ್ಲಿ ಕೂತ ಅಮ್ಮ ಗಾಜಿನೊಳಗೆ ನೋಡುತ್ತಾ ಕೊಕ್ಕೋ ಸುದ್ದಿ ತೆಗೆದಳು. ನಮ್ಮ ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೋ ಗಿಡಗಳಿದ್ದವು. 1986ರಲ್ಲಿ ಅಡಿಕೆ, ಕೊಕ್ಕೋ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಪುತ್ತೂರಿನಲ್ಲೇ ಶುರುವಾಯಿತು. ಮಂಗ, ಅಳಿಲು ಬಿಟ್ಟ ಕಾಯಿಗಳನ್ನು ದೊಣ್ಣೆಯಿಂದ ಬಡಿದು ಒಡೆದು, ಹಸಿ ಬೀಜ ಬಿಡಿಸಿ ಬುಟ್ಟಿಗೆ ತುಂಬುತ್ತಿದ್ದವಳು ಅವಳೇ. ನಾವು ಬೀಜಕ್ಕೆ ಅಂಟಿದ ಬಿಳಿ ತಿರುಳನ್ನು ಚೀಪುತ್ತಿದ್ದೆವು, ಹುಳಿ ಸಿಹಿ. ಒಮ್ಮೆ ಬೀಜ ಕಚ್ಚಿ ನೋಡಿದ್ದೆ, ಒಳಗೆ ನೇರಳೆ ಬಣ್ಣ, ಕಹಿಯೋ ಕಹಿ. ಅದು ಹುಳಿತು, ಒಣಗಿ, ಹುರಿದ ಮೇಲೆ ಬರುವ ಘಮ ಆಗ ನಮಗೆ ತಿಳಿದಿರಲಿಲ್ಲ.

"ಎಷ್ಟು ಬುಟ್ಟಿ ಕೊಟ್ಟಿದ್ದೇನೆ. ಬೇಯುವ ಪರಿಮಳ ಇವತ್ತೇ ನೋಡುದು," ಅಂದಳು.

ಅಷ್ಟರಲ್ಲಿ ಅವಳ ಬಲಗೈ ಕಣ್ಣಿಗೆ ಬಿತ್ತು. ಮಡಿಲಿನಲ್ಲಿ ಬೆರಳು ಮಡಚಿಕೊಂಡು, ನಿಧಾನಕ್ಕೆ ಸುತ್ತು ಹಾಕುತ್ತಿತ್ತು. ಸಟ್ಟುಗ ಹಿಡಿದ ಹಾಗೆಯೇ. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ನಾನು ಏನೂ ಹೇಳಲಿಲ್ಲ, ಸಿಂಕಿನಲ್ಲಿದ್ದ ಪಾತ್ರೆಗಳ ಕಡೆ ತಿರುಗಿದೆ.

ಟೈಮರಿನಲ್ಲಿ ಇನ್ನೂ ನಾಲ್ಕು ನಿಮಿಷ ಇರುವಾಗ ಅಮ್ಮ ಎದ್ದು ನಿಂತಳು. "ಬದಿ ಬಿಟ್ಟಿತು ನೋಡು. ತೆಗಿ."

ಬಗ್ಗಿ ನೋಡಿದೆ. ಟ್ರೇಯ ಅಂಚಿನಿಂದ ಬ್ರೌನಿ ಕೂದಲೆಳೆಯಷ್ಟು ಒಳಗೆ ಸರಿದಿತ್ತು. ಹಲ್ವ ಬಾಣಲೆಯ ಬದಿ ಬಿಡುವುದನ್ನು ಐವತ್ತು ವರ್ಷ ಕಾದು ಕಾದು ಕಲಿತ ಕಣ್ಣು ಅವಳದು. ಕಡ್ಡಿ ಚುಚ್ಚಿದೆ, ಒಂದೆರಡು ಹಸಿ ತುಣುಕು ಅಂಟಿಕೊಂಡು ಬಂತು. ಬ್ರೌನಿ ತೆಗೆಯಬೇಕಾದದ್ದು ಸರಿಯಾಗಿ ಆಗಲೇ. ಬಿಸಿ ಟ್ರೇಯಲ್ಲಿ ನಡುಭಾಗ ತಾನೇ ಗಟ್ಟಿಯಾಗುತ್ತದೆ. ಇನ್ನು ನಾಲ್ಕು ನಿಮಿಷ ಬಿಟ್ಟಿದ್ದರೆ ಒಣ ಕೇಕ್ ಆಗುತ್ತಿತ್ತು. ಈ ಒವನಿನಲ್ಲಿ ಎಷ್ಟು ವರ್ಷಗಳಿಂದ ಬ್ರೌನಿ ಮಾಡುತ್ತಿದ್ದೇನೆ, ಎಷ್ಟು ಸಲ ಒಣಗಿಸಿದ್ದೇನೆ. ಅಮ್ಮ ಮೊದಲ ಸಲವೇ ಹಿಡಿದಳು.

ಪೂರ್ತಿ ಆರಿದ ಮೇಲೆ ಹದಿನಾರು ತುಂಡು ಮಾಡಿದೆವು. ಎಲ್ಲರಿಗೂ ಬಡಿಸಿದ ಮೇಲೆ ತಿನ್ನುವ ಅಭ್ಯಾಸ ಅವಳದು. ಮೊದಲ ತುಂಡನ್ನು ಅವಳ ಕೈಗೇ ಇಟ್ಟೆ. ತಿಂದಳು, ಬೆರಳು ನೆಕ್ಕಿದಳು. "ತುಪ್ಪ ಕಮ್ಮಿ ಅಂತ ಯಾರೂ ಹೇಳುವ ಹಾಗಿಲ್ಲ," ಅಂದಳು.

ನಿನ್ನೆ ಸಂಜೆ "ಇನ್ನೊಂದು ಮಾಡುವನಾ?" ಅಂತ ತಾನೇ ಕೇಳಿದಳು. ನಾನು ಮೈದಾ ಜರಡಿ ಹಿಡಿದು ತಿರುಗುವಷ್ಟರಲ್ಲಿ ಒವನ್ ಮುಂದೆ ಎರಡು ಕುರ್ಚಿ ಇದ್ದವು.